ಆಕ್ರಾಗ್ಲಾಸ್ ಜೆಲ್: ಸಡಿಲಗೊಂಡ ಬೇಟೆ ರೈಫಲ್ಲಿಗೆ ಹೊಸ ಹಾಸು

ಪಶ್ಚಿಮ ಪೆನ್ಸಿಲ್ವೇನಿಯಾದಲ್ಲಿರುವ ನಮ್ಮ ಬೀದಿಯ ಹಿರಿಯರೊಬ್ಬರು ಮೊಣಕಾಲು ನೋವಿನಿಂದಾಗಿ ಬೇಟೆಯನ್ನು ಬಿಟ್ಟಾಗ ಅವರ ರೆಮಿಂಗ್ಟನ್ 700 ರೈಫಲ್ಲನ್ನು ನಾನು ಕೊಂಡುಕೊಂಡೆ. .30-06 ತೋಟಾ ಹಾರಿಸುವ, ಆಕ್ರೋಟು ಮರದ ಸ್ಟಾಕ್ (ಉಕ್ಕಿನ ಭಾಗವನ್ನು ಹೊತ್ತಿರುವ ಮರದ ಮೈ) ಇರುವ, ನೋಡಲು ಬಹಳ ಚೆಂದದ ಕೋವಿ ಅದು. ಹಿರಿಯರಿಗೆ ಮರಗೆಲಸದ ಹವ್ಯಾಸವಿತ್ತು. ಸ್ಟಾಕಿನ ಹಳೆಯ ಹೊಳಪನ್ನು ಕೆರೆದು ಎಣ್ಣೆ ಹಚ್ಚುವ ಉತ್ಸಾಹದಲ್ಲಿ ಅವರು ಹೊರಮೈಯನ್ನಷ್ಟೇ ಉಜ್ಜದೆ, ಉಕ್ಕಿನ ಭಾಗ ಕುಳಿತುಕೊಳ್ಳುವ ಒಳಗಿನ ಗೂಡನ್ನೂ ಮರಳು ಕಾಗದದಿಂದ ನುಣ್ಣಗೆ ಮಾಡಿಬಿಟ್ಟಿದ್ದರು. ಹೊರಗಿನಿಂದ ಕನ್ನಡಿಯಂತೆ ಹೊಳೆಯುತ್ತಿದ್ದ ಆ ಕೋವಿಯಲ್ಲಿ ನಳಿಗೆಗೂ ಮರಕ್ಕೂ ಇರಬೇಕಾದ ಹೊಂದಾಣಿಕೆ ಮಾತ್ರ ಪೂರ್ತಿ ಕೆಟ್ಟಿತ್ತು. ಅದನ್ನು ಸರಿಪಡಿಸಲು ನಾನು ಬಳಸಿದ್ದು ಐಯೋವಾ ರಾಜ್ಯದ ಬ್ರೌನೆಲ್ಸ್ ಸಂಸ್ಥೆ ಮಾರುವ ಆಕ್ರಾಗ್ಲಾಸ್ ಜೆಲ್ ಎಂಬ, ಎರಡು ಪದಾರ್ಥ ಬೆರೆಸಿದಾಗ ಗಟ್ಟಿಯಾಗುವ ಎಪಾಕ್ಸಿ ಅಂಟಿನ ಕಿಟ್. ಎರಡು ಬೇಟೆಯ ಋತುಗಳನ್ನು ಅದರೊಂದಿಗೆ ಕಳೆದ ಮೇಲೆ ಈ ಅಭಿಪ್ರಾಯವನ್ನು ಬರೆಯುತ್ತಿದ್ದೇನೆ.

ಕೋವಿ ಸಡಿಲವಾಗಿದೆ ಎಂದು ಮೊದಲು ಹೇಳಿದ್ದು ಗುರಿಹಲಗೆಯ ಕಾಗದ. ನೂರು ಗಜ ದೂರದಲ್ಲಿ, ಮರಳಿನ ಚೀಲದ ಮೇಲೆ ಕೋವಿಯನ್ನು ಊರಿಟ್ಟು ಐದು ಈಡು ಹೊಡೆದರೆ, ಮೊದಲ ಎರಡು ಒಂದರ ಪಕ್ಕ ಒಂದು ಬಿದ್ದು, ಮೂರನೆಯದು ಮೇಲಕ್ಕೆ ಏರಿ, ಉಳಿದೆರಡು ಯಾವುದೋ ಮೂಲೆಯನ್ನು ಹಿಡಿಯುತ್ತಿದ್ದವು. ಐದೂ ತೂತುಗಳನ್ನು ಒಳಗೊಳ್ಳಲು ನಾಲ್ಕು ಇಂಚಿನ ವೃತ್ತ ಬೇಕಾಗುತ್ತಿತ್ತು. ಮೊದಲಿಗೆ ನಾನು ನನ್ನ ಕೈಯನ್ನೇ ದೂರಿದೆ, ಆಮೇಲೆ ತೋಟಾವನ್ನು ದೂರಿದೆ, ಮೂರು ಬಗೆಯ ತೋಟಾ ಬದಲಾಯಿಸಿ ಸಾಕಷ್ಟು ಡಾಲರ್ ಕಳೆದ ನಂತರ ಶೂಟಿಂಗ್ ರೇಂಜಿನಲ್ಲಿ ಪಕ್ಕದ ಮೇಜಿನಲ್ಲಿದ್ದ ಒಬ್ಬರು ಒಂದು ಸುಲಭ ಪರೀಕ್ಷೆಯನ್ನು ತೋರಿಸಿಕೊಟ್ಟರು. ಕೋವಿಯನ್ನು ಖಾಲಿ ಮಾಡಿ, ತೋಟಾವನ್ನು ಒಳಕ್ಕೆ ತಳ್ಳಿ ಮುಚ್ಚುವ ಬೋಲ್ಟನ್ನು ಹೊರತೆಗೆದು, ಹಿಂಬದಿಯನ್ನು ನೆಲಕ್ಕೆ ಊರಿ ನೆಟ್ಟಗೆ ನಿಲ್ಲಿಸಬೇಕು. ಸ್ಟಾಕಿನ ತುದಿಯನ್ನೂ ನಳಿಗೆಯನ್ನೂ ಒಟ್ಟಿಗೆ ಎಡಗೈಯಲ್ಲಿ ಹಿಡಿದು, ಎರಡೂ ಕೂಡುವ ಗೆರೆಯ ಮೇಲೆ ಒಂದು ಬೆರಳನ್ನು ಇಟ್ಟುಕೊಂಡು, ಬಲಗೈಯಿಂದ, ಉಕ್ಕನ್ನು ಮರಕ್ಕೆ ಹಿಡಿದಿಡುವ ಸ್ಕ್ರೂಗಳಲ್ಲಿ ಮುಂದಿನದನ್ನು ನಿಧಾನವಾಗಿ ಸಡಿಲಿಸಬೇಕು. ಸರಿಯಾಗಿ ಕುಳಿತ ಕೋವಿಯಲ್ಲಿ ಬೆರಳಿಗೆ ಏನೂ ತಿಳಿಯುವುದಿಲ್ಲ. ನನ್ನ ಕೋವಿಯಲ್ಲಿ ನಳಿಗೆ ಎದ್ದು ನಿಂತಿದ್ದು, ಮುದುರಿಕೊಂಡಿದ್ದ ಬೆಕ್ಕು ಮೈಮುರಿದ ಹಾಗೆ, ಬೆರಳಿನ ತುದಿಗೆ ಸ್ಪಷ್ಟವಾಗಿ ತಾಗಿತು. ಸ್ಕ್ರೂ ಬಿಗಿಯಾಗಿದ್ದಾಗ ಉಕ್ಕು ಬಾಗಿಕೊಂಡು ಕುಳಿತಿತ್ತು ಎಂಬುದು ಅದರ ಅರ್ಥ.

ಈ ಜಾತಿಯ ಸಡಿಲ ನನಗೆ ಹೊಸದಲ್ಲ. ಸಕಲೇಶಪುರದ ಕಡೆ ನಮ್ಮ ತೋಟದ ಮನೆಯಲ್ಲಿ ಅಪ್ಪಯ್ಯನ ಹೆಸರಿಗೆ ಬೆಳೆ ರಕ್ಷಣೆಯ ಪರವಾನಗಿಯಿದ್ದ ಒಂದು ಜೋಡು ನಳಿಗೆ ಕೋವಿಯಿತ್ತು. 1972ರ ವನ್ಯಜೀವಿ ಕಾಯ್ದೆಯ ನಂತರ ಅದರ ಕೆಲಸವೆಲ್ಲ ಗದ್ದೆಯ ಬದಿಯಲ್ಲಿ ಗಾಳಿಗೆ ಒಂದು ಈಡು ಹೊಡೆದು ಹಂದಿಗಳನ್ನು ಬೆದರಿಸುವುದಕ್ಕೆ ಸೀಮಿತವಾಗಿತ್ತು. ಬೇಸಿಗೆಯಲ್ಲಿ ನಳಿಗೆಯ ಕೆಳಗೆ ಕೂರುವ ಅದರ ಮುಂಗೈ ಮರ ಕಟಕಟ ಎಂದು ಅಲುಗುತ್ತಿತ್ತು. ಆಗ ಅಪ್ಪಯ್ಯ ಅಡಿಕೆ ಹಾಳೆಯ ಒಂದು ಚೂರನ್ನು ಕತ್ತಿಯಿಂದ ತೆಳ್ಳಗೆ ಹೆರೆದು ನಡುವೆ ಸಿಕ್ಕಿಸುತ್ತಿದ್ದರು. ಆಷಾಢದ ಮಳೆ ಹಿಡಿಯಿತೆಂದರೆ ಮರ ಊದಿಕೊಂಡು ಕೋವಿ ಬಿಚ್ಚುವುದೇ ಕಷ್ಟವಾಗಿ, ಹಾಳೆಯ ಚೂರನ್ನು ತೆಗೆದು ಎಸೆಯುತ್ತಿದ್ದರು. ವರ್ಷಕ್ಕೆ ಎರಡು ಸಲ ನಡೆಯುತ್ತಿದ್ದ ಈ ಉಪಚಾರವನ್ನು ನೋಡಿ ಬೆಳೆದವನಿಗೆ, ಮರ ಎಂಬುದು ಸತ್ತ ಮೇಲೂ ನೀರು ಕುಡಿಯುವುದನ್ನು ಬಿಡುವುದಿಲ್ಲ ಎನ್ನುವುದನ್ನು ಯಾರೂ ಬೇರೆಯಾಗಿ ಕಲಿಸಬೇಕಾಗಿರಲಿಲ್ಲ. ಚರೆ ಹಾರಿಸುವ ಕೋವಿಗೆ ಹಾಳೆಯ ಚೂರು ಸಾಕು. ಒಂದೇ ಗುಂಡನ್ನು ನೂರು ಗಜ ದಾಟಿಸಿ ಅಂಗೈಯಗಲದ ಜಾಗಕ್ಕೆ ಮುಟ್ಟಿಸಬೇಕಾದ ರೈಫಲ್ಲಿಗೆ ಅದು ಸಾಲದು.

ಯಾಕೆ ಸಾಲದು ಎಂಬುದನ್ನು ತಿಳಿಯಲು ಕೋವಿಯ ಹೊಟ್ಟೆಯನ್ನು ಒಮ್ಮೆ ನೋಡಬೇಕು. ಬೋಲ್ಟ್ ರೈಫಲ್ಲಿನಲ್ಲಿ ನಳಿಗೆಯು ರಿಸೀವರ್ ಎಂಬ ಉಕ್ಕಿನ ಕೊಳವೆಗೆ ತಿರುಪಿಕೊಂಡಿರುತ್ತದೆ; ಆ ರಿಸೀವರ್ ಮರದ ಗೂಡಿನಲ್ಲಿ ಕುಳಿತು, ಕೆಳಗಿನಿಂದ ಬರುವ ಸ್ಕ್ರೂಗಳು ಅದನ್ನು ಹಿಡಿದಿರುತ್ತವೆ. ರೆಮಿಂಗ್ಟನ್ 700ರಲ್ಲಿ ನಳಿಗೆಗೂ ರಿಸೀವರಿಗೂ ನಡುವೆ ಸುಮಾರು 5 ಮಿಲಿಮೀಟರ್ ದಪ್ಪದ ಒಂದು ಬಿಲ್ಲೆ ಸಿಕ್ಕಿಕೊಂಡಿರುತ್ತದೆ, ಅದರ ಒಂದು ತುಂಡು ನಾಲಗೆಯಂತೆ ಕೆಳಕ್ಕೆ ಚಾಚಿರುತ್ತದೆ. ಅದಕ್ಕೆ ರಿಕಾಯಿಲ್ ಲಗ್ ಎನ್ನುತ್ತಾರೆ. ಈಡು ಸಿಡಿದಾಗ ಉಕ್ಕು ಹಿಂದಕ್ಕೆ ಒದೆಯುವ ಬಲವನ್ನೆಲ್ಲ ಈ ನಾಲಗೆಯ ಹಿಂಬದಿಯು ಮರಕ್ಕೆ ದಾಟಿಸುತ್ತದೆ, ಮರ ಅದನ್ನು ನಮ್ಮ ಭುಜಕ್ಕೆ ದಾಟಿಸುತ್ತದೆ. ನಾಲಗೆಯ ಹಿಂದೆ ಕೂದಲೆಳೆಯಷ್ಟು ಸಂದಿದ್ದರೂ ಪ್ರತಿ ಈಡಿಗೆ ಉಕ್ಕು ಮೊದಲು ಜಾರಿ ಆಮೇಲೆ ಮರಕ್ಕೆ ಗುದ್ದುತ್ತದೆ, ಮರಳಿ ಕೂರುವಾಗ ಹಿಂದಿದ್ದ ಜಾಗದಲ್ಲೇ ಕೂರುತ್ತದೆಂಬ ಖಾತರಿಯಿಲ್ಲ, ಮತ್ತು ಆ ಗುದ್ದಿಗೆ ಮರ ದಿನದಿನಕ್ಕೆ ಇನ್ನಷ್ಟು ನಜ್ಜಾಗುತ್ತದೆ. ಹೀಗಿರುವ ಕೋವಿಯ ಸ್ಕ್ರೂವನ್ನು ಸುಮ್ಮನೆ ಬಿಗಿ ಮಾಡುವುದು, ಬಹುತೇಕ ಜನ ಮೊದಲು ಮಾಡುವ ಕೆಲಸ. ಅದರಿಂದ ಸ್ಕ್ರೂವಿನ ಸುತ್ತಲಿನ ಮರ ಅಪ್ಪಚ್ಚಿಯಾಗುತ್ತದೆಯೇ ಹೊರತು ನಾಲಗೆಯ ಹಿಂದಿನ ಸಂದು ಮುಚ್ಚುವುದಿಲ್ಲ.

ಮರದ ಚಂಚಲತೆಯನ್ನು ಅಮೆರಿಕದ ಸೇನೆಯೇ ದುಡ್ಡು ತೆತ್ತು ಕಲಿತಿದೆ. ಇದೇ ರೆಮಿಂಗ್ಟನ್ 700ನ್ನು ಆಧರಿಸಿ 1966ರಲ್ಲಿ ಮರೀನ್ ಪಡೆ ಎಂ40 ಎಂಬ ಸ್ನೈಪರ್ ರೈಫಲ್ಲನ್ನು ವಿಯೆಟ್ನಾಂ ಯುದ್ಧಕ್ಕೆ ತೆಗೆದುಕೊಂಡಿತು. ಅಲ್ಲಿನ ತೇವಕ್ಕೆ ಅದರ ಆಕ್ರೋಟು ಸ್ಟಾಕುಗಳು ಊದಿ ಸೊಟ್ಟಗಾಗಿ ನಳಿಗೆಯನ್ನು ಒತ್ತತೊಡಗಿದವು; 1970ರ ದಶಕದಲ್ಲಿ ಬಂದ ಎಂ40ಎ1ಗೆ ಮರದ ಬದಲು ಫೈಬರ್‌ಗ್ಲಾಸ್ ಸ್ಟಾಕ್ ಹಾಕಬೇಕಾಯಿತು. ನಾನೂ ಹಾಗೆಯೇ ಹೊಸ ಸಿಂಥೆಟಿಕ್ ಸ್ಟಾಕನ್ನು ಕೊಳ್ಳಬಹುದಿತ್ತು. ಹಿರಿಯರು ಅಷ್ಟು ಪ್ರೀತಿಯಿಂದ ಎಣ್ಣೆ ಕುಡಿಸಿದ್ದ ಮರವನ್ನು ಅಟ್ಟಕ್ಕೆ ಎಸೆಯಲು ಮನಸ್ಸು ಬರಲಿಲ್ಲ. ಬೆಡ್ಡಿಂಗ್ ಮಾಡಿಸಲು, ಅಂದರೆ ಉಕ್ಕಿಗೂ ಮರಕ್ಕೂ ನಡುವೆ ಗಟ್ಟಿ ಅಂಟಿನ ಹಾಸು ಹಾಕಿಸಲು, ಕೋವಿ ರಿಪೇರಿ ಮಾಡುವ ಒಬ್ಬ ಗನ್‌ಸ್ಮಿತ್ ಹೇಳಿದ ದರವನ್ನೂ ಆತ ಹೇಳಿದ ಐದು ತಿಂಗಳ ಕಾಯುವಿಕೆಯನ್ನೂ ಕೇಳಿದಾಗ ಮೂಗಿಗಿಂತ ಮೂಗುತಿ ಭಾರವಾಯಿತೆಂದು ಅನ್ನಿಸಿ, ಕಿಟ್ ತರಿಸಿ ಸ್ವತಃ ಮಾಡುವುದೆಂದು ನಿರ್ಧರಿಸಿದೆ.

ಕಿಟ್ ಕೊಳ್ಳುವ ಮೊದಲು ಮಾಡಬೇಕಾದ ಒಂದೆರಡು ತಪಾಸಣೆಗಳಿವೆ, ಅವನ್ನು ಬಿಟ್ಟರೆ ಅಂಟಿಗೆ ಹಾಕಿದ ಹಣ ನೀರಿಗೆ ಹಾಕಿದಂತೆ. ಕೋವಿಯ ಮೇಲೆ ಕೂರಿಸಿದ ಗುರಿ ದುರ್ಬೀನಿನ ಕೆಳಗಿನ ಸ್ಕ್ರೂಗಳು ಸಡಿಲವಾಗಿದ್ದರೂ ಗುರಿ ಇದೇ ರೀತಿ ಚೆಲ್ಲಾಪಿಲ್ಲಿಯಾಗುತ್ತದೆ, ಆದ್ದರಿಂದ ಮೊದಲು ಅವುಗಳನ್ನು ನೋಡಬೇಕು. ಎರಡನೆಯದಾಗಿ, ಮುಂದಿನ ಸ್ಕ್ರೂ ರಿಸೀವರಿನ ತೂತಿನ ತಳವನ್ನು ಮುಟ್ಟಿ ನಿಂತುಬಿಡುತ್ತದೆಯೇ ಎಂದು ಪರೀಕ್ಷಿಸಬೇಕು. ಹಾಗೆ ನಿಂತಾಗ ಕೈಗೆ ಬಿಗಿಯಾದಂತೆ ಅನ್ನಿಸಿದರೂ ಮರ ಬಿಗಿದುಕೊಂಡಿರುವುದಿಲ್ಲ, ಮತ್ತು ಸ್ಕ್ರೂವಿನ ತುದಿಯನ್ನು ಅರದಿಂದ ಒಂದೆರಡು ಸುತ್ತು ಉಜ್ಜಿದರೆ ರೋಗ ವಾಸಿಯಾಗುತ್ತದೆ. ಕೊನೆಗೆ, ನಳಿಗೆ ಎಲ್ಲಾದರೂ ಮರಕ್ಕೆ ತಾಗುತ್ತಿದೆಯೇ ಎಂದು ತಿಳಿಯಲು, ಒಂದು ಡಾಲರ್ ನೋಟನ್ನು ನಳಿಗೆ ಮತ್ತು ಮರದ ನಡುವೆ ಸೇರಿಸಿ ಹಿಂದಕ್ಕೆ ಎಳೆದು ನೋಡಬೇಕು. ನೋಟಿನ ದಪ್ಪ ಸುಮಾರು 0.11 ಮಿಲಿಮೀಟರ್. ನನ್ನ ಕೋವಿಯಲ್ಲಿ ಅದು ಬಲಬದಿಯಲ್ಲಿ ಸರಾಗವಾಗಿ ಓಡಾಡಿ, ಎಡಬದಿಯಲ್ಲಿ ತುದಿಯಿಂದ ಮೂರು ಇಂಚಿಗೆ ಕಚ್ಚಿಕೊಂಡಿತು.

ಇನ್ನು ಪದಾರ್ಥದ ವಿಷಯ. ಆಕ್ರಾಗ್ಲಾಸ್ ಎರಡು ರೂಪಗಳಲ್ಲಿ ಬರುತ್ತದೆ. ಹಳೆಯದು ಜೇನಿನ ಹಾಗೆ ಹರಿಯುವಂಥದ್ದು, ಅದರಲ್ಲಿ ನಾಲ್ಕು ಪಾಲು ರೆಸಿನ್ ಎಂಬ ಮೂಲ ಅಂಟಿಗೆ ಅದನ್ನು ಗಟ್ಟಿಯಾಗಿಸುವ ಹಾರ್ಡನರ್ ಒಂದು ಪಾಲು ಬೆರೆಸಬೇಕು. ಜೆಲ್ ರೂಪದ್ದು ಬೆಣ್ಣೆಯ ಹದದಲ್ಲಿರುತ್ತದೆ, ಎರಡನ್ನೂ ಸಮಪಾಲು ಬೆರೆಸಿದರೆ ಸಾಕು. ಮೊದಲ ಸಲ ಈ ಕೆಲಸಕ್ಕೆ ಕೈ ಹಾಕುವವರಿಗೆ ನಾನು ಜೆಲ್ಲನ್ನೇ ಹೇಳುವುದು ಎರಡು ಕಾರಣಕ್ಕೆ. ಸಮಪಾಲು ಎಂಬ ಲೆಕ್ಕದಲ್ಲಿ ತಪ್ಪುವುದು ಕಷ್ಟ, ನಾಲ್ಕಕ್ಕೆ ಒಂದರ ಲೆಕ್ಕದಲ್ಲಿ ಸಣ್ಣ ಪ್ರಮಾಣ ಕಲಸುವಾಗ ಒಂದು ಹನಿ ಹೆಚ್ಚಾದರೂ ಅನುಪಾತ ಕೆಡುತ್ತದೆ, ಅನುಪಾತ ಕೆಟ್ಟ ಎಪಾಕ್ಸಿ ರಬ್ಬರಿನ ಹಾಗೆ ಮೆತ್ತಗೆ ಉಳಿದು ವಾರವಾದರೂ ಗಟ್ಟಿಯಾಗುವುದಿಲ್ಲ. ಜೊತೆಗೆ, ಜೆಲ್ ಹಚ್ಚಿದ ಕಡೆಯೇ ನಿಲ್ಲುತ್ತದೆ. ಹರಿಯುವ ಅಂಟು ಟ್ರಿಗರಿನ ಕಿಂಡಿಯನ್ನು ಹುಡುಕಿಕೊಂಡು ಹೋಗಿ ಅಲ್ಲಿಯೇ ಕಲ್ಲಾಗುತ್ತದೆ. ಕಿಟ್ಟಿನಲ್ಲಿ ರೆಸಿನ್ ಮತ್ತು ಹಾರ್ಡನರ್ ಜೊತೆಗೆ, ಉಕ್ಕಿಗೆ ಅಂಟು ಹಿಡಿಯದಂತೆ ಬಳಿಯುವ ರಿಲೀಸ್ ಏಜೆಂಟ್ ಮತ್ತು ಮರದ ಬಣ್ಣಕ್ಕೆ ಹೊಂದಿಸಲು ಬೆರೆಸುವ ಬಣ್ಣ ಇರುತ್ತದೆ. ಸ್ಕ್ರೂವಿನ ಸುತ್ತ ಕೂರಿಸುವ ಅಲ್ಯೂಮಿನಿಯಂ ಕೊಳವೆಗಳು, ಅಂದರೆ ಪಿಲ್ಲರುಗಳು, ಇದರಲ್ಲಿ ಇರುವುದಿಲ್ಲ, ಬೇರೆಯಾಗಿ ಕೊಳ್ಳಬೇಕು. ಮರ ಈಗಾಗಲೇ ನಜ್ಜಾಗಿರುವ ಕೋವಿಗೆ ಪಿಲ್ಲರ್ ಇಲ್ಲದೆ ಹಾಸು ಹಾಕುವುದು, ಗೆದ್ದಲು ತಿಂದ ಕಂಬಕ್ಕೆ ಸುಣ್ಣ ಬಳಿದಂತೆ ಎಂದು ನನ್ನ ಅಭಿಪ್ರಾಯ.

ಬಳಕೆಯ ಸೂಚನೆಗಳು ಸ್ಪಷ್ಟವಾಗಿವೆ, ಆದರೆ ಅವು ಹೇಳುವ ಕ್ರಮದಲ್ಲಿ ಎಷ್ಟು ಸಮಯ ಎಲ್ಲಿ ಹೋಗುತ್ತದೆ ಎಂಬುದು ಓದುವಾಗ ತಿಳಿಯುವುದಿಲ್ಲ. ಅಂಟು ಕಲಸಿ ಹಚ್ಚಿ ಕೋವಿಯನ್ನು ಜೋಡಿಸಲು ನನಗೆ ಬೇಕಾದದ್ದು ಇಪ್ಪತ್ತು ನಿಮಿಷ. ಅದಕ್ಕೆ ಮುಂಚಿನ ಸಿದ್ಧತೆಗೆ ಎರಡು ಶನಿವಾರ ಪೂರ್ತಿ. ಮೊದಲು ರಿಸೀವರಿನ ಕೆಳಗೆ ಮತ್ತು ನಾಲಗೆ ಕೂರುವ ಕಚ್ಚಿನ ಸುತ್ತ ಸುಮಾರು ಎರಡು ಮಿಲಿಮೀಟರ್ ಮರವನ್ನು ಉಳಿಯಿಂದ ತೆಗೆಯಬೇಕು. ಅಂಟಿಗೆ ದಪ್ಪ ಸಿಗದಿದ್ದರೆ ಅದು ಮೊಟ್ಟೆಯ ಸಿಪ್ಪೆಯಂತೆ ಬಿರಿಯುತ್ತದೆ. ಹಾಗೆಂದು ಎಲ್ಲ ಮರವನ್ನೂ ತೆಗೆಯಬಾರದು. ರಿಸೀವರಿನ ಹಿಂಬದಿಗೆ ಚಾಚಿದ ಬಾಲದ ಬಳಿ ಮತ್ತು ಅಂಚುಗಳಲ್ಲಿ ಸ್ವಲ್ಪ ಹಳೆಯ ಮರವನ್ನು ಹಾಗೆಯೇ ಬಿಟ್ಟರೆ, ಕೋವಿ ಎಷ್ಟು ಎತ್ತರದಲ್ಲಿ ಕೂರಬೇಕು ಎಂಬುದಕ್ಕೆ ಅದೇ ಅಳತೆಗೋಲಾಗುತ್ತದೆ. ಕೆರೆದ ಜಾಗದಲ್ಲಿ ಹಿರಿಯರು ಹಚ್ಚಿದ್ದ ಎಣ್ಣೆ ಆಳಕ್ಕೆ ಇಳಿದಿತ್ತು. ಎಣ್ಣೆ ಕುಡಿದ ಮರವನ್ನು ಎಪಾಕ್ಸಿ ಹಿಡಿಯುವುದಿಲ್ಲವಾದ್ದರಿಂದ, ಅಸಿಟೋನ್ ಅದ್ದಿದ ಬಟ್ಟೆಯಿಂದ ಒರೆಸುತ್ತ, ಬಟ್ಟೆಯಲ್ಲಿ ಹಳದಿ ಕಲೆ ಬರುವುದು ನಿಲ್ಲುವವರೆಗೂ ಮತ್ತೆ ಮತ್ತೆ ಒರೆಸಬೇಕಾಯಿತು.

ಇನ್ನೊಂದು ಕಡೆ ಉಕ್ಕಿನ ಸಿದ್ಧತೆ. ಟ್ರಿಗರನ್ನು ಬಿಚ್ಚಿಟ್ಟು, ರಿಸೀವರಿನಲ್ಲಿರುವ ಪ್ರತಿಯೊಂದು ತೂತು, ಕಿಂಡಿ ಮತ್ತು ಸಂದಿಗೆ ಮಕ್ಕಳು ಆಡುವ ಬಣ್ಣದ ಜೇಡಿಯನ್ನು ತುಂಬಿ, ಮೇಲ್ಮೈಗೆ ಸಮನಾಗಿ ಬ್ಲೇಡಿನಿಂದ ಕೆರೆದೆ. ನನ್ನ ಮಗಳ ಹಸಿರು ಜೇಡಿ ಇದಕ್ಕೆ ಬಲಿಯಾಯಿತು. ಒಂದೇ ಒಂದು ತೂತನ್ನು ಬಿಟ್ಟರೂ ಅಂಟು ಅದರೊಳಗೆ ಹೊಕ್ಕು ಗೂಟ ಹೊಡೆದಂತೆ ಗಟ್ಟಿಯಾಗುತ್ತದೆ, ಆಗ ರಿಲೀಸ್ ಏಜೆಂಟ್ ಎಷ್ಟು ಬಳಿದಿದ್ದರೂ ಕೋವಿಯನ್ನು ಮರದಿಂದ ಬಿಡಿಸಲಾಗದು. ರಿಕಾಯಿಲ್ ಲಗ್ಗಿನ ಮುಂಬದಿಗೆ, ಎರಡು ಪಕ್ಕಗಳಿಗೆ ಮತ್ತು ತಳಕ್ಕೆ ಒಂದೊಂದು ಪದರ ಎಲೆಕ್ಟ್ರಿಕ್ ಟೇಪನ್ನು ಅಂಟಿಸಬೇಕು, ಹಿಂಬದಿಗೆ ಮಾತ್ರ ಅಂಟಿಸಬಾರದು. ಒದೆತವನ್ನು ತಡೆಯುವುದು ಹಿಂಬದಿಯಾದ್ದರಿಂದ ಅದು ಅಂಟಿಗೆ ಕಚ್ಚಿ ಕೂರಬೇಕು, ಉಳಿದ ಬದಿಗಳಲ್ಲಿ ಟೇಪು ತೆಗೆದಾಗ ಉಳಿಯುವ ಕಿರಿದಾದ ಸಂದು ಬೇಕು, ಇಲ್ಲದಿದ್ದರೆ ಕೋವಿಯನ್ನು ಪ್ರತಿ ಸಲ ಬಿಚ್ಚಿ ಹಾಕುವಾಗ ನಾಲಗೆಯು ಗೋಡೆಯನ್ನು ಕೆರೆದು ಹಾಕಿದ ಹಾಸನ್ನೇ ಹಾಳು ಮಾಡುತ್ತದೆ. ನಳಿಗೆಯ ತುದಿಯ ಬಳಿಯೂ ಟೇಪನ್ನು ಹಲವು ಸುತ್ತು ಸುತ್ತಿದೆ, ಅದು ಮರದ ತೋಡಿನ ನಟ್ಟನಡುವೆ ತೇಲಿ ನಿಲ್ಲಲಿ ಎಂಬ ಉದ್ದೇಶದಿಂದ.

ರಿಲೀಸ್ ಏಜೆಂಟನ್ನು ಎರಡು ಸಲ ಬಳಿದು ಒಣಗಲು ಬಿಟ್ಟೆ. ಒಣಗಿದ ಮೇಲೆ ಅದು ಉಕ್ಕಿನ ಮೇಲೆ ತೆಳುವಾದ ಪೊರೆಯಾಗಿ ನಿಲ್ಲುತ್ತದೆ, ಕಣ್ಣಿಗೆ ಸರಿಯಾಗಿ ಕಾಣದು, ದೀಪವನ್ನು ಓರೆಯಾಗಿ ಹಿಡಿದರೆ ಬಿಟ್ಟುಹೋದ ಜಾಗ ತಿಳಿಯುತ್ತದೆ. ನಾನು ಓರೆ ದೀಪದಲ್ಲಿ ರಿಸೀವರನ್ನು ನೋಡಿದೆ, ಲಗ್ಗನ್ನು ನೋಡಿದೆ, ಬಾಲವನ್ನು ನೋಡಿದೆ. ಮುಂದಿನ ಸ್ಕ್ರೂವನ್ನು ನೋಡಲಿಲ್ಲ. ಆ ಮರೆವು ಏನು ಮಾಡಿತು ಎಂಬುದನ್ನು ಮುಂದೆ ಹೇಳುತ್ತೇನೆ.

ಕಲಸುವ ಕೆಲಸ ನೆಮ್ಮದಿಯದು. ಎರಡೂ ಟ್ಯೂಬಿನಿಂದ ಸಮನಾಗಿ ಹಿಂಡಿ, ಕಂದು ಬಣ್ಣವನ್ನು ಕಡ್ಡಿಯ ತುದಿಯಲ್ಲಿ ಅದ್ದಿ ಸೇರಿಸಿ, ಬಟ್ಟಲಿನ ಗೋಡೆಯನ್ನೂ ತಳವನ್ನೂ ಕೆರೆಯುತ್ತ ನಾಲ್ಕು ನಿಮಿಷ ತಿರುವಿದೆ. ವೇಗವಾಗಿ ಬಡಿದರೆ ಗಾಳಿ ಸೇರುತ್ತದೆ, ಗಾಳಿಯ ಗುಳ್ಳೆಗಳೇ ಆಮೇಲೆ ಹಾಸಿನಲ್ಲಿ ತೂತುಗಳಾಗಿ ಕಾಣಿಸಿಕೊಳ್ಳುತ್ತವೆ. ನಾಲಗೆಯ ಕಚ್ಚಿಗೆ ಅಂಟನ್ನು ತಳದಿಂದ ಮೇಲಕ್ಕೆ, ಮೂಲೆಗಳಿಗೆ ಕಡ್ಡಿಯಿಂದ ಚುಚ್ಚಿ ಚುಚ್ಚಿ ತುಂಬಿ, ಉಕ್ಕನ್ನು ಮೆಲ್ಲಗೆ ಇಳಿಸಿದಾಗ ಎರಡೂ ಅಂಚುಗಳಿಂದ ಕಂದು ಅಂಟು ಒಂದೇ ಸಮನೆ ಉಕ್ಕಿ ಬಂತು. ಹಾಗೆ ಉಕ್ಕಿದರೆ ಒಳಗೆ ಖಾಲಿ ಇಲ್ಲವೆಂದು ಲೆಕ್ಕ. ಸ್ಕ್ರೂಗಳನ್ನು ಈ ಹೊತ್ತಿನಲ್ಲಿ ಬಿಗಿ ಮಾಡಬಾರದು ಎಂಬುದು ಇಡೀ ಕೆಲಸದ ಮರ್ಮ. ಬಿಗಿ ಮಾಡಿದರೆ ಉಕ್ಕು ಹಿಂದಿನಂತೆಯೇ ಬಾಗುತ್ತದೆ, ಅಂಟು ಆ ಬಾಗಿದ ಆಕಾರಕ್ಕೇ ನಿಷ್ಠೆಯಿಂದ ಎರಕ ಹೊಯ್ಯುತ್ತದೆ, ಆಗ ಸಡಿಲ ಹೋಗಿ ಸೊಟ್ಟು ಶಾಶ್ವತವಾಗುತ್ತದೆ. ಸ್ಕ್ರೂಗಳು ದಾರಿ ತೋರಿಸಲಷ್ಟೇ ಇರಬೇಕು, ಹಿಡಿದಿಡುವ ಕೆಲಸವನ್ನು ಸುತ್ತಿದ ರಬ್ಬರ್ ಪಟ್ಟಿ ಮಾಡಬೇಕು. ಅಂಚಿನಲ್ಲಿ ಉಕ್ಕಿದ್ದನ್ನು ವಿನೆಗರ್ ಅದ್ದಿದ ಬಟ್ಟೆಯಿಂದ ಒರೆಸಿ, ಇಡೀ ಕೋವಿಯನ್ನು ನೆಲಮಾಳಿಗೆಯ ಹೀಟರಿನ ಬಳಿ ಒಂದು ದಿನ ಅಲುಗಿಸದೆ ಬಿಟ್ಟೆ. ಚಳಿಯಲ್ಲಿ ಎಪಾಕ್ಸಿ ಬಹಳ ನಿಧಾನವಾಗಿ ಗಟ್ಟಿಯಾಗುತ್ತದೆ, ಆದ್ದರಿಂದ ಈ ಕೆಲಸವನ್ನು ಬೇಟೆಯ ಋತುವಿನ ಹಿಂದಿನ ವಾರಕ್ಕೆ ಇಟ್ಟುಕೊಳ್ಳುವುದು ಜಾಣತನವಲ್ಲ. ನಾನು ಸೆಪ್ಟೆಂಬರಿನಲ್ಲಿ ಮಾಡಿದ್ದೆ.

ಮರುದಿನ ಸಂಜೆ ಹಿಂದಿನ ಸ್ಕ್ರೂ ಸುಲಭವಾಗಿ ಬಂತು. ಮುಂದಿನದು ಬರಲಿಲ್ಲ. ಅದರ ಹಲ್ಲುಗಳಿಗೆ ರಿಲೀಸ್ ಏಜೆಂಟ್ ಬಳಿಯದೆ ಬಿಟ್ಟಿದ್ದು ಆ ಕ್ಷಣದಲ್ಲಿ ನೆನಪಾಗಿ, ಬೆನ್ನಿನಲ್ಲಿ ಬೆವರಿಳಿಯಿತು. ಬಲ ಹಾಕಿದರೆ ಸ್ಕ್ರೂವಿನ ತಲೆ ಸವೆಯುತ್ತದೆ, ತಲೆ ಸವೆದರೆ ಡ್ರಿಲ್ಲಿಂಗ್ ಮಷೀನೇ ಗತಿ. ಎಪಾಕ್ಸಿ ಬಿಸಿಗೆ ಮೆತ್ತಗಾಗುತ್ತದೆ ಎಂಬ ಒಂದು ಸಂಗತಿ ನನ್ನನ್ನು ಉಳಿಸಿತು. ಕಾದ ಸೋಲ್ಡರಿಂಗ್ ಐರನ್ನಿನ ತುದಿಯನ್ನು ಸ್ಕ್ರೂವಿನ ತಲೆಗೆ ಮೂರು ನಿಮಿಷ ಒತ್ತಿ ಹಿಡಿದು, ಬಿಸಿ ಆರುವ ಮೊದಲೇ ತಿರುಗಿಸಿದಾಗ, ಸುಟ್ಟ ಪ್ಲಾಸ್ಟಿಕ್ಕಿನ ವಾಸನೆಯೊಂದಿಗೆ ಟಕ್ ಎಂಬ ಸದ್ದು ಬಂದು ಸ್ಕ್ರೂ ಬಿಟ್ಟುಕೊಂಡಿತು. ಆಮೇಲೂ ನಳಿಗೆ ಮರವನ್ನು ಬಿಡಲಿಲ್ಲ. ಇಡೀ ಕೋವಿಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಗ್ಯಾರೇಜಿನ ದೊಡ್ಡ ಫ್ರೀಜರಿನಲ್ಲಿ, ತುರಿದ ತೆಂಗಿನಕಾಯಿಯ ಪೊಟ್ಟಣಗಳ ಮೇಲೆ, ನಾಲ್ಕು ಗಂಟೆ ಮಲಗಿಸಿದೆ. ಚಳಿಗೆ ಉಕ್ಕು ಕುಗ್ಗುವ ಕಾರಣ ಹಿಡಿತ ಸಡಿಲವಾಗುತ್ತದೆ. ಹೊರಗೆ ತೆಗೆದು ನಳಿಗೆಯ ಕೆಳಗೆ ರಬ್ಬರ್ ಸುತ್ತಿಗೆಯಿಂದ ಎರಡು ಸಲ ತಟ್ಟಿದಾಗ ಉಕ್ಕು ನೆಟ್ಟಗೆ ಮೇಲೆದ್ದು ಬಂತು. ಮನೆಯವರು ಆ ದಿನ ಫ್ರೀಜರನ್ನು ತೆರೆದಾಗ ಏನು ಹೇಳಿದರು ಎಂಬುದು ಈ ವಿಮರ್ಶೆಯ ವ್ಯಾಪ್ತಿಗೆ ಬರುವುದಿಲ್ಲ.

ಮರದಲ್ಲಿ ಮೂಡಿದ್ದ ಅಚ್ಚನ್ನು ನೋಡಿದಾಗ ಆ ಕಷ್ಟವೆಲ್ಲ ಮರೆಯಿತು. ರಿಸೀವರಿನ ಮೇಲೆ ಲೇತ್ ಯಂತ್ರ ಬಿಟ್ಟಿದ್ದ ಸೂಕ್ಷ್ಮ ಗೆರೆಗಳು ಕೂಡ ಕಂದು ಹಾಸಿನಲ್ಲಿ ಬೆರಳಚ್ಚಿನ ಹಾಗೆ ಕಾಣುತ್ತಿದ್ದವು. ಲಗ್ಗಿನ ಬಲ ಮೂಲೆಯಲ್ಲಿ ಅವರೆಕಾಳಿನಷ್ಟು ಒಂದು ಗುಳ್ಳೆಯ ಗುಂಡಿ ಇತ್ತು. ಅದನ್ನು ಒರಟಾಗಿಸಿ, ಸ್ವಲ್ಪ ಅಂಟನ್ನು ಮತ್ತೆ ಕಲಸಿ ತುಂಬಿ, ಉಕ್ಕನ್ನು ಇನ್ನೊಮ್ಮೆ ಇಳಿಸಿ ತೆಗೆದೆ. ಹೊಸ ಪದರ ಹಳೆಯದಕ್ಕೆ ಚೆನ್ನಾಗಿ ಕೂಡಿಕೊಂಡಿತು, ಕೂಡಿದ ಗೆರೆಯನ್ನು ಉಗುರಿನಿಂದ ಗೀರಿ ನೋಡಿದರೂ ತಿಳಿಯುವುದಿಲ್ಲ. ನಳಿಗೆ ಕೂರುವ ಮರದ ತೋಡನ್ನು ದುಂಡು ಕಡ್ಡಿಗೆ ಸುತ್ತಿದ ಮರಳು ಕಾಗದದಿಂದ ಅಗಲಿಸಿದ ಮೇಲೆ ಡಾಲರ್ ನೋಟು ಎರಡು ಮಡಿಕೆಯಾಗಿಯೂ ತುದಿಯಿಂದ ರಿಸೀವರಿನವರೆಗೆ ತಡೆಯಿಲ್ಲದೆ ಓಡಾಡಿತು. ಕೆರೆದ ಹಸಿ ಮರಕ್ಕೆ ಅಂದೇ ವಾರ್ನಿಷ್ ಬಳಿದೆ, ಇಲ್ಲದಿದ್ದರೆ ತೇವಕ್ಕೆ ನಾನೇ ಬಾಗಿಲು ತೆರೆದುಕೊಟ್ಟ ಹಾಗಾಗುತ್ತಿತ್ತು. ಸ್ಕ್ರೂಗಳನ್ನು ಬಿಗಿತ ಅಳೆಯುವ ಟಾರ್ಕ್ ರೆಂಚಿನಲ್ಲಿ 40 ಇಂಚ್-ಪೌಂಡಿಗೆ ಬಿಗಿ ಮಾಡಿ, ಆ ಮೊದಲಿನ ಬೆರಳಿನ ಪರೀಕ್ಷೆಯನ್ನು ಮತ್ತೆ ಮಾಡಿದೆ. ಸ್ಕ್ರೂ ಸಡಿಲಿಸಿದಾಗ ಬೆರಳಿಗೆ ಏನೂ ಗೊತ್ತಾಗಲಿಲ್ಲ.

ಅದೇ ರೇಂಜು, ಅದೇ ಮರಳಿನ ಚೀಲ, 165 ಗ್ರೇನ್ ತೂಕದ ಗುಂಡಿನ ಅದೇ ತೋಟಾ. ನೂರು ಗಜಕ್ಕೆ ಐದು ಈಡು ಒಂದೂವರೆ ಇಂಚಿನೊಳಗೆ ಬಿದ್ದವು. ಗುರಿಸ್ಪರ್ಧೆಯವರು ಇದನ್ನು ಕೇಳಿ ನಗಬಹುದು, ಜಿಂಕೆಯ ಬೇಟೆಗೆ ಇದು ಬೇಕಾದ್ದಕ್ಕಿಂತ ಹೆಚ್ಚು. ನನಗೆ ಹೆಚ್ಚು ಸಮಾಧಾನ ತಂದದ್ದು ಬೇರೆ ಒಂದು ಸಂಗತಿ. ಪೆನ್ಸಿಲ್ವೇನಿಯಾದಲ್ಲಿ ರೈಫಲ್ಲಿನ ಜಿಂಕೆ ಋತು 2019ರಿಂದ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ನಂತರದ ಶನಿವಾರ ಶುರುವಾಗುತ್ತದೆ. ಮೊದಲ ವರ್ಷ ಆ ಶನಿವಾರ ಬೆಳಗಿನಿಂದ ಸಂಜೆಯವರೆಗೆ ಜಿಟಿಜಿಟಿ ಮಳೆ, ನಡುವೆ ಆಲಿಕಲ್ಲು. ಕಿತ್ತಳೆ ಬಣ್ಣದ ಅಂಗಿಯ ಜೊತೆ ಕೋವಿಯೂ ಪೂರ್ತಿ ತೊಯ್ದಿತ್ತು. ಹಿಂದಿನ ಸಲ ಇಂಥದೇ ಮಳೆಯಾದ ಮೇಲೆ ಗುರಿ ಮೂರು ಇಂಚು ಬಲಕ್ಕೆ ಜಾರಿದ್ದುದರಿಂದ, ಮಂಗಳವಾರ ಮತ್ತೆ ರೇಂಜಿಗೆ ಹೋಗಿ ಮೂರು ಈಡು ಹೊಡೆದು ನೋಡಿದೆ. ಮೂರೂ ಸೆಪ್ಟೆಂಬರಿನ ಜಾಗದಲ್ಲೇ ಇದ್ದವು. ಎರಡನೆಯ ವರ್ಷವೂ ದುರ್ಬೀನಿನ ಗುಂಡಿಯನ್ನು ಒಂದು ಗೆರೆಯಷ್ಟೂ ತಿರುಗಿಸಬೇಕಾಗಿ ಬರಲಿಲ್ಲ.

ಇದೇ ಕೆಲಸಕ್ಕೆ ಉಕ್ಕಿನ ಪುಡಿ ಬೆರೆಸಿದ ಡೆವ್‌ಕಾನ್ ಎಪಾಕ್ಸಿಯನ್ನೂ ದೋಣಿ ರಿಪೇರಿಯ ಮರೀನ್-ಟೆಕ್ಸನ್ನೂ ಬಳಸುವವರು ಇದ್ದಾರೆ. ಹೆಚ್ಚು ಒದೆಯುವ ಮ್ಯಾಗ್ನಮ್ ಕೋವಿಗಳಿಗೆ ಉಕ್ಕು ತುಂಬಿದ ಅಂಟು ಒಳ್ಳೆಯದೆಂಬ ಅವರ ವಾದದಲ್ಲಿ ಹುರುಳಿದೆ, ಅದು ಗಟ್ಟಿಯಾಗುವಾಗ ಕುಗ್ಗುವುದೂ ಕಡಿಮೆ. ಆದರೆ ಅವು ಬೂದು ಬಣ್ಣದವು, ಆಕ್ರೋಟು ಮರದ ಅಂಚಿನಲ್ಲಿ ಸಿಮೆಂಟಿನ ಗೆರೆಯಂತೆ ಎದ್ದು ಕಾಣುತ್ತವೆ, ಮತ್ತು ರಿಲೀಸ್ ಏಜೆಂಟನ್ನು ಬೇರೆಯಾಗಿ ಹೊಂದಿಸಿಕೊಳ್ಳಬೇಕು. .30-06ರವರೆಗಿನ ಸಾಮಾನ್ಯ ಬೇಟೆ ಕೋವಿಗೆ, ಮರದ ಸ್ಟಾಕಿಗೆ, ಮೊದಲ ಸಲದ ಕೈಗೆ ಆಕ್ರಾಗ್ಲಾಸ್ ಜೆಲ್ಲಿನ ಹದವೇ ಸರಿ ಎನ್ನುತ್ತೇನೆ. ಪ್ಲಾಸ್ಟಿಕ್ ಎರಕದ ಅಗ್ಗದ ಸ್ಟಾಕುಗಳಿಗೆ ಮಾತ್ರ ಇದನ್ನು ಕೊಳ್ಳಬೇಡಿ. ಆ ಪ್ಲಾಸ್ಟಿಕ್ಕಿನ ಎಣ್ಣೆಮೈ ಯಾವ ಎಪಾಕ್ಸಿಯನ್ನೂ ಸರಿಯಾಗಿ ಹಿಡಿಯುವುದಿಲ್ಲ, ಸಣ್ಣ ಡ್ರಿಲ್ಲಿನಿಂದ ಅಲ್ಲಲ್ಲಿ ತೂತು ಮಾಡಿ ಅಂಟಿಗೆ ಬೇರು ಬಿಡಿಸುವ ಉಪಾಯವೊಂದಿದೆಯಾದರೂ ಅಷ್ಟು ಬೆದಕಿದ ಮೇಲೂ ಸ್ಟಾಕಿನ ಮುಂಭಾಗ ಬಳುಕುವುದು ನಿಲ್ಲುವುದಿಲ್ಲ.

ಊರಿನಲ್ಲಿರುವ ನನ್ನ ದೊಡ್ಡಪ್ಪನ ಮಗ ನಾನು ಕಳಿಸಿದ ಈ ಕೆಲಸದ ಚಿತ್ರಗಳನ್ನು ನೋಡಿ, ಅಪ್ಪಯ್ಯನ ಜೋಡು ನಳಿಗೆ ಕೋವಿಗೂ ಅರಾಲ್ಡೈಟ್ ಹಾಕಿ ಇದನ್ನೇ ಮಾಡಬಹುದೇ ಎಂದು ಕೇಳಿದ. ಮಾಡಬೇಡ ಅಣ್ಣ ಎಂದು ಹೇಳಿದೆ. ನಡುವೆ ಮಡಚಿ ತೋಟಾ ತುಂಬುವ ಅಂಥ ಕೋವಿಯಲ್ಲಿ ನಳಿಗೆ ಅಲುಗಿದರೆ ಅದು ಬಹುತೇಕ ಉಕ್ಕಿಗೂ ಉಕ್ಕಿಗೂ ನಡುವಿನ ಕೀಲು ಸವೆದ ಲಕ್ಷಣ, ಮರಕ್ಕೆ ಹಚ್ಚುವ ಯಾವ ಅಂಟಿನಿಂದಲೂ ಅದು ಹೋಗದು. ಸವೆದ ಕೀಲಿನ ಕೋವಿಯಲ್ಲಿ ತೋಟಾ ಸಿಡಿಸುವುದೇ ಅಪಾಯ. ಅಲ್ಲದೆ ನಮ್ಮ ದೇಶದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮಿನ ಪ್ರಕಾರ ಕೋವಿ ರಿಪೇರಿಗೂ ಪರವಾನಗಿ ಇರಬೇಕು, ಆದ್ದರಿಂದ ಅದನ್ನು ಪರವಾನಗಿಯಿರುವ ಕೋವಿ ಅಂಗಡಿಗೇ ಒಯ್ಯಬೇಕು. ಮುಂಗೈ ಮರದ ಅಲುಗಾಟವಷ್ಟೇ ಆಗಿದ್ದರೆ ಹಾಳೆಯ ಚೂರು ಈಗಲೂ ಸಾಕು ಎಂದು ಸೇರಿಸಿದೆ. ತೋಟದಲ್ಲಿ ಅಡಿಕೆಗೆ ಬರವಿಲ್ಲವಲ್ಲ ಎಂದು ನಕ್ಕ.

ಕಿಟ್ಟಿನಲ್ಲಿ ಇನ್ನೊಂದು ಕೋವಿಗೆ ಆಗುವಷ್ಟು ಅಂಟು ಉಳಿದಿತ್ತು. ಊರಿನಿಂದ ಬರುವಾಗ ಅಮ್ಮ ಕೊಟ್ಟು ಕಳಿಸಿದ್ದ ಹಲಸಿನ ಮರದ ಈಳಿಗೆಮಣೆಯ ಅಲಗು, ಇಲ್ಲಿನ ಚಳಿಗಾಲದ ಒಣ ಹವೆಗೆ ಮಣೆ ಕುಗ್ಗಿ, ಬುಡದಲ್ಲಿ ಅಲುಗತೊಡಗಿ ವರ್ಷವಾಗಿತ್ತು. ಮಣೆಯ ಅಡಿಯಿಂದ ಕಚ್ಚನ್ನು ಸ್ವಲ್ಪ ಅಗಲಿಸಿ, ಅಸಿಟೋನಿನಿಂದ ಒರೆಸಿ, ಕಾಯಿಗೆ ತಾಗದ ಹಾಗೆ ಬುಡಕ್ಕಷ್ಟೇ ಕಂದು ಬಣ್ಣದ ಜೆಲ್ ತುಂಬಿ ನಿಲ್ಲಿಸಿದೆ. ಈ ಸಲ ರಿಲೀಸ್ ಏಜೆಂಟ್ ಬಳಿಯಲಿಲ್ಲ, ಬೇಕೆಂದೇ. ಮನೆಯವರು ಮರುದಿನ ಅದರ ಮೇಲೆ ಕುಳಿತು ಇಡೀ ಕುಂಬಳಕಾಯಿಯನ್ನು ಹೆಚ್ಚಿ, ಅಲಗನ್ನು ಹಿಂದೆ ಮುಂದೆ ಅಲುಗಿಸಿ ನೋಡಿ, ಫ್ರೀಜರಿನ ವಿಷಯವನ್ನು ಆ ಮೇಲೆ ಎತ್ತಲಿಲ್ಲ.